ತಮ್ಮ ಹಾಕಿದ ಬ್ರೇಕ್

ಟ್ರೇಲರ್‌ಗೂ ಬ್ರೇಕ್ ಇರಬಹುದು ಎಂಬುದು ನಮ್ಮ ಕಡೆ ಎಷ್ಟೋ ಜನರ ತಲೆಗೇ ಬರುವುದಿಲ್ಲ. ಟ್ರ್ಯಾಕ್ಟರ್ ನಿಂತರೆ ಅದರ ಬೆನ್ನಿಗೆ ಕಟ್ಟಿದ್ದೂ ನಿಲ್ಲುತ್ತದೆ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹಾಗಲ್ಲ ಎಂದು ಹಟ ಹಿಡಿದವನು ನನ್ನ ತಮ್ಮ.

ನಮ್ಮ ಹೊಲ ತಾಳಗುಂದದ ಹತ್ತಿರ. ಮೆಕ್ಕೆಜೋಳ, ಸ್ವಲ್ಪ ಭತ್ತ. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ತಮ್ಮ ಮದುವೆಯಾಗಿಲ್ಲ. ಮನೆಯಲ್ಲಿ ನಾವಿಬ್ಬರೇ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಗೋಡುಮಣ್ಣು ತುಂಬಿಕೊಂಡು ಜಡೆ ಕಡೆಯ ತೋಟಗಳಿಗೆ ಹೊಡೆಯುವುದು ಅವನ ಕೆಲಸ. ಗೋಡು ಹಸಿಯಿದ್ದಾಗ ವಿಪರೀತ ಭಾರ. ಕೆರೆ ಏರಿಯಿಂದ ಇಳಿಯುವಾಗ ಟ್ರೇಲರ್ ಹಿಂದಿನಿಂದ ನೂಕುತ್ತದೆ, ಬೆನ್ನಿಗೆ ಯಾರೋ ಮೊಣಕಾಲು ಕೊಟ್ಟ ಹಾಗೆ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ನಾನು ಸಾರು ಬಡಿಸುತ್ತ ಹ್ಞೂಂ ಅನ್ನುತ್ತಿದ್ದೆ.

ಒಂದು ದಿನ ನನ್ನನ್ನೂ ಶಿಕಾರಿಪುರಕ್ಕೆ ಕರೆದುಕೊಂಡು ಹೋದ. ಅಲ್ಲಿಯ ಗ್ಯಾರೇಜಿನವರು ಮೂರು ಥರದ್ದು ತೋರಿಸಿದರು.

"ಇದು ತಾನಾಗೇ ಹಿಡೀತೈತೆ. ಟ್ರೇಲರ್ ಮುಂದಕ್ಕೆ ನೂಕಿದ್ರೆ ಬ್ರೇಕ್ ಬೀಳ್ತದೆ. ಪೈಪಿಲ್ಲ, ಎಣ್ಣೆ ಇಲ್ಲ" ಅಂದರು.

"ಇದೇ ಸಾಕಲ್ಲೋ" ಅಂದೆ ನಾನು.

"ರಿವರ್ಸ್ ಹೊಡೆದಾಗ ಏನಾಗ್ತದ್ರಿ?" ತಮ್ಮ ಕೇಳಿದ.

"ಆಗ್ಲೂ ಹಿಡೀತೈತೆ. ಇಳಿದು ಒಂದು ಪಿನ್ ಹಾಕ್ಬೇಕು."

"ಜಡೆ ತೋಟದ ಓಣ್ಯಾಗೆ ನಾನು ಮುಂದಕ್ಕಿಂತ ಹಿಂದಕ್ಕೇ ಜಾಸ್ತಿ ಹೋಗದು. ಪ್ರತೀ ಸಲ ಇಳೀಲಾ? ಅಕ್ಕನ್ನ ಟ್ರೇಲರಿನಾಗೆ ಕೂರಿಸ್ಕೊಂಡು ಹೋಗ್ಬೇಕಾಗ್ತದೆ, ಪಿನ್ನಮ್ಮ ಅಂತ."

ಗ್ಯಾರೇಜಿನವರು ನಕ್ಕರು. ನನಗೆ ಸಿಟ್ಟು ಬಂತು.

ಎರಡನೆಯದು ಗಾಳಿಯದು, ಬಸ್ಸಿಗೆ ಇರುವಂಥದ್ದು. ಅದಕ್ಕೆ ಬೇರೆ ಕಂಪ್ರೆಸರ್, ಬೇರೆ ಟ್ಯಾಂಕು. ನಮ್ಮ ಹಳೇ ಟ್ರ್ಯಾಕ್ಟರಿನಲ್ಲಿ ಅದನ್ನು ಕೂರಿಸಲು ಜಾಗವಿರಲಿಲ್ಲ. ಮೂರನೆಯದು ತಮ್ಮನ ಮನಸ್ಸಿಗೆ ಬಂತು. ಅದು ಟ್ರ್ಯಾಕ್ಟರಿನ ಎಣ್ಣೆಯಿಂದಲೇ ನಡೆಯುತ್ತದೆ. ಸೀಟಿನ ಪಕ್ಕ ಒಂದು ಕಂಟ್ರೋಲರ್ ಕೂರುತ್ತದೆ. ಬ್ರೇಕ್ ಒತ್ತಿದರೆ ಅದರಿಂದ ಎಣ್ಣೆ ಪೈಪಿನಲ್ಲಿ ಹಿಂದಕ್ಕೆ ಹೋಗಿ ಟ್ರೇಲರಿನ ಗಾಲಿ ಹಿಡಿಯುತ್ತದೆ. ಎಷ್ಟು ಗಟ್ಟಿ ಹಿಡಿಯಬೇಕು ಅನ್ನುವುದಕ್ಕೆ ಒಂದು ತಿರುಪು, ನೋಡಿಕೊಳ್ಳಲು ಒಂದು ಮೀಟರ್.

"ತಾನಾಗೇ ಹಿಡಿಯೋದು ಯಾವಾಗ ಹಿಡೀತೈತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಅಂದ. "ನನ್ನ ಕಾಲು ಹೇಳಿದಾಗ ಹಿಡೀಬೇಕು."

ಟ್ರೇಲರಿನ ಹಳೇ ಅಚ್ಚು ತೆಗೆದು, ಗಾಲಿಗೆ ಬ್ರೇಕ್ ಇರುವ ಅಚ್ಚನ್ನು ಗ್ಯಾರೇಜಿನಲ್ಲೇ ಹಾಕಿಕೊಟ್ಟರು. ಮಿಕ್ಕಿದ್ದನ್ನು ಅವನು ಮನೆಯ ಮುಂದೆ ತಾನೇ ಕೂರಿಸಿದ. ಪೈಪು ಎಲ್ಲಿ ಬಗ್ಗಬೇಕು, ತಿರುವಿನಲ್ಲಿ ಎಲ್ಲಿ ಉಜ್ಜುತ್ತದೆ ಎಂದು ನೋಡಲು ಟ್ರ್ಯಾಕ್ಟರನ್ನು ಹಾವಿನಂತೆ ಆ ಕಡೆ ಈ ಕಡೆ ತಿರುಗಿಸಿದ. ಕೊಂಡಿಯ ಹತ್ತಿರ, ಟ್ರೇಲರಿನ ಕಡೆ, ಪೈಪಿಗೆ ಒಂದು ವಾಲ್ ಇಟ್ಟ. ಟ್ರೇಲರ್ ಬಿಚ್ಚಿ ನಿಲ್ಲಿಸಿದಾಗ ಎಣ್ಣೆ ಸೋರಬಾರದು, ಧೂಳು ಹೋಗಬಾರದು ಎಂದು. ಹೊಲದ ನೀರಿನ ಪೈಪಿಗೆ ಇರುತ್ತದಲ್ಲ, ಅಂಥದ್ದೇ ಹಿಡಿ. ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ.

ಆಮೇಲೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಬೇಕಿತ್ತು. ನಾನು ಮೇಲೆ ಕೂತು ಬ್ರೇಕ್ ಒತ್ತಿ ಹಿಡಿಯುವುದು, ಅವನು ಕೆಳಗೆ ಮಲಗಿ ಗಾಲಿಯ ಹತ್ತಿರದ ಸಣ್ಣ ತಿರುಪು ಸಡಿಲಿಸುವುದು.

"ಒತ್ತಕ್ಕಾ."

"ಒತ್ತೀನಿ."

"ಅದು ಒತ್ತೋದಲ್ಲ, ಸವರೋದು. ರೊಟ್ಟಿ ತಟ್ಟೋ ಕೈಯಿಗೆ ಇರೋ ಜೋರು ಕಾಲಿಗೆ ಇಲ್ವಾ?"

ಮಧ್ಯಾಹ್ನ ಕಳೆಯಿತು. ಎಣ್ಣೆ ಗುಳ್ಳೆಯಿಲ್ಲದೆ ಬಂದಾಗ ಅವನು ಎದ್ದು ನಿಂತ ರೀತಿ ನನಗೆ ನೆನಪಿದೆ. ಮುಖಕ್ಕೆಲ್ಲ ಎಣ್ಣೆ. ಬಂದಳಿಕೆ ಕಡೆಯ ಸಮನಾದ ರಸ್ತೆಯಲ್ಲಿ ಮೊದಲು ಖಾಲಿ, ಆಮೇಲೆ ತುಂಬಿಕೊಂಡು ಓಡಿಸಿ, ಕಂಟ್ರೋಲರಿನ ತಿರುಪನ್ನು ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ ಮಾಡಿದ. ಹೆಚ್ಚಾದರೆ ಟ್ರೇಲರಿನ ಗಾಲಿ ತಿರುಗದೆ ಎಳೆದುಕೊಂಡು ಬರುತ್ತಿತ್ತು, ಕಡಿಮೆಯಾದರೆ ನೂಕುತ್ತಿತ್ತು. ಎರಡರ ನಡುವೆ ಸರಿ ಕಂಡ ಜಾಗಕ್ಕೆ ಕೆಂಪು ಬಣ್ಣದ ಚುಕ್ಕೆ ಇಟ್ಟ.

ಸುದ್ದಿ ಹಬ್ಬಿತು. ನೋಡಲು ಬಂದವರಲ್ಲಿ ಕೆಲವರು ತಮಗೂ ಹಾಕಿಕೊಡಲು ಹೇಳಿದರು. ಜಡೆಯಿಂದ ಒಬ್ಬ ತೋಟದ ಯಜಮಾನರು ಬಂದು, ಗೋಡು ಹೊಡೆಯುವುದು ಮುಗಿದ ಮೇಲೆ ತಮ್ಮ ತೋಟದ ಟ್ರೇಲರಿಗೂ ಹಾಕಿಕೊಡಬೇಕು ಎಂದು ಮಾತು ತೆಗೆದುಕೊಂಡು ಹೋದರು. ಅವತ್ತಿನವರೆಗೂ ಅವನನ್ನು ಊರಲ್ಲಿ ಡ್ರೈವರ್ ಅನ್ನುತ್ತಿದ್ದರು, ಈಗ ಮೇಸ್ತ್ರಿ ಅನ್ನತೊಡಗಿದರು. ಅವನು ನಡೆಯುವ ನಡಿಗೆಯೇ ಬೇರೆಯಾಯಿತು.

ಅವನು ನನಗೆ ಒಂದೇ ಮಾತು ಹೇಳಿದ್ದ. ಈ ಟ್ರೇಲರನ್ನು ಇನ್ನು ಮುಯ್ಯಿಗೆ ಕೊಡಬೇಡ. ನಮ್ಮಲ್ಲಿ ಆಳು, ಎತ್ತು, ಟ್ರೇಲರ್ ಎಲ್ಲ ಮುಯ್ಯಿಗೆ ಓಡಾಡುತ್ತವೆ. ಇವತ್ತು ಅವರದು ನಮಗೆ, ನಾಳೆ ನಮ್ಮದು ಅವರಿಗೆ. ಅವನು ಸೊರಬಕ್ಕೆ ಹೋಗಿದ್ದ ದಿನ ಪಕ್ಕದ ಹೊಲದ ಕಾಕ ಬಂದು ಬಾಗಿಲಲ್ಲಿ ನಿಂತರು. ಅವರ ಟ್ರೇಲರಿನ ಸ್ಪ್ರಿಂಗ್ ಪಾಟಿ ಮುರಿದಿತ್ತು. ಕಟಾವಿನಲ್ಲಿ ಅವರ ಮನೆಯ ಆಳುಗಳೆಲ್ಲ ನಮ್ಮ ಹೊಲದಲ್ಲಿ ದುಡಿದಿದ್ದರು. ಇಲ್ಲ ಅನ್ನುವುದು ಹೇಗೆ?

ಕೊಟ್ಟೆ. ಅವರ ಟ್ರ್ಯಾಕ್ಟರಿಗೆ ಕಂಟ್ರೋಲರ್ ಇಲ್ಲ, ಪೈಪು ಸೇರಿಸಲು ಏನೂ ಇಲ್ಲ. ತಮ್ಮ ಮಾಡುವುದನ್ನು ನೋಡಿದ್ದೆನಲ್ಲ, ಪೈಪು ಬಿಚ್ಚಿ ಸುತ್ತಿಟ್ಟು, ವಾಲ್ ಅಡ್ಡ ತಿರುಗಿಸಿ ಕಳಿಸಿದೆ. ಸಂಜೆಗೆ ತಂದು ಬಿಟ್ಟರು. ಬೆಳಿಗ್ಗೆ ಗಾಡಿ ಸಿದ್ಧವಾಗಿದ್ದರೆ ಟ್ರೇಲರ್ ಹೋಗಿ ಬಂದದ್ದನ್ನು ತಮ್ಮ ಗಮನಿಸಲಾರನೆಂದು ಕಾಕನ ಕೈಯಲ್ಲೇ ನಮ್ಮ ಟ್ರ್ಯಾಕ್ಟರಿಗೆ ಕೊಂಡಿ ಹಾಕಿಸಿ, ನಾನು ಪೈಪು ಸೇರಿಸಿದೆ. ವಾಲ್ ಮರೆತೆ.

ಬೆಳಿಗ್ಗೆ ತಮ್ಮ ಹೊರಡುವಾಗ ಕೊಂಡಿ ಹಾಕಿದ್ದನ್ನು ನೋಡಿ ಖುಷಿಪಟ್ಟ.

"ನೀನೇ ಹಾಕಿದ್ಯಾ? ಎಲ್ಲಾ ಸರಿ ನೋಡೀಯಾ?"

"ನೋಡೀನಿ ಕಣೋ. ಹೊತ್ತಾಯ್ತು, ಹೊರಡು."

ಬ್ರೇಕ್ ಒತ್ತಿ ಮೀಟರ್ ನೋಡಿದ. ಮುಳ್ಳು ಎಂದಿನಂತೆ ಏರಿತು. ಮೀಟರ್ ಇರುವುದು ಟ್ರ್ಯಾಕ್ಟರಿನಲ್ಲಿ. ಎಣ್ಣೆ ವಾಲ್‌ವರೆಗೆ ಹೋಗಿ ನಿಂತರೂ ಮುಳ್ಳು ಏರುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಆದರೆ ನಾನು ನೋಡೀನಿ ಅಂದಿದ್ದೆ.

ಕೆರೆಯವರೆಗೂ ಟ್ರೇಲರ್ ಖಾಲಿ, ದಾರಿ ಸಮ, ಹೆಚ್ಚುಕಡಿಮೆ ಏನೂ ತಿಳಿಯಲಿಲ್ಲ. ಅಲ್ಲಿ ಗೋಡು ತುಂಬಿಕೊಂಡು ಅವನು ಮುಂದೆ ಹೊರಟ. ಹಿಂದೆ ಜಡೆ ಕಡೆಗೇ ಹೊರಟಿದ್ದ ಕಾಕನ ಟ್ರ್ಯಾಕ್ಟರ್, ಟ್ರೇಲರ್ ಇಲ್ಲದೆ. ಅದರ ಮಡ್‌ಗಾರ್ಡ್ ಮೇಲೆ ನಾನು ಬುತ್ತಿ ಹಿಡಿದು ಕೂತಿದ್ದೆ. ಏರಿ ಹತ್ತಿ ಆಚೆಗೆ ಇಳಿಯುವಾಗ ಮುಂದಿನ ಟ್ರೇಲರ್ ಓರೆಯಾಯಿತು. ಟ್ರ್ಯಾಕ್ಟರ್ ಒಂದು ಕಡೆ, ಟ್ರೇಲರ್ ಒಂದು ಕಡೆ ಮಡಚಿಕೊಂಡು, ಎರಡೂ ಕೆಳಗಿನ ಗದ್ದೆಗೆ ಹೋದವು. ಟ್ರೇಲರ್ ಮಗ್ಗುಲಾಗಿ ಮಣ್ಣೆಲ್ಲ ಸುರಿಯಿತು. ತಮ್ಮ ಸೀಟಿನಿಂದ ಹಾರಿ ಬಿದ್ದು, ಎಡಗೈ ಕೆಳಗೆ ಹಾಕಿಕೊಂಡು ಬಿದ್ದಿದ್ದ.

ಕಾಕ ಗಾಡಿ ನಿಲ್ಲಿಸಿದ ಕೂಡಲೇ ನಾನು ಓಡಿದೆ. ಓಡುವಾಗಲೇ ವಾಲ್ ನೆನಪಾಗಿತ್ತು. ಕಾಕ ತಮ್ಮನ ಕಡೆ ಹೋದರು. ನಾನು ಕೊಂಡಿಯ ಕಡೆ ಹೋದೆ. ಹಿಡಿ ಅಡ್ಡ ಇತ್ತು. ಅದನ್ನು ಉದ್ದಕ್ಕೆ ತಿರುಗಿಸಿದೆ. ಆಮೇಲೆ ತಮ್ಮನ ಹತ್ತಿರ ಹೋಗಿ ಕೂತು ಅತ್ತೆ.

ಗ್ಯಾರೇಜಿನವರು ಬಂದು ನೋಡಿದರು. ಎಣ್ಣೆ ಇದೆ, ವಾಲ್ ತೆರೆದಿದೆ, ಒತ್ತಿದರೆ ಗಾಲಿ ಹಿಡಿಯುತ್ತಿದೆ. "ಸೆಟ್ಟಿಂಗ್ ಕಡಿಮೆ ಇಟ್ಟಿದ್ರಿ ಅನ್ಸುತ್ತೆ, ಗೋಡಿನ ಭಾರಕ್ಕೆ ಸಾಲ್ಲಿಲ್ಲ" ಅಂದರು. ತಮ್ಮ ತಾನಿಟ್ಟ ಕೆಂಪು ಚುಕ್ಕೆ ನೋಡುತ್ತ ನಿಂತಿದ್ದ. "ಅಷ್ಟು ಸಲ ಓಡಿಸಿ ನೋಡಿದ್ನಲ್ರಿ" ಅಂದ. ಊರಿನವರು ಮೇಸ್ತ್ರಿ ಎಂದು ಕರೆಯುವುದನ್ನು ಬಿಡಲಿಲ್ಲ, ಕರೆಯುವ ದನಿ ಮಾತ್ರ ಬದಲಾಯಿತು. "ಮೇಸ್ತ್ರಿ, ನಮ್ಮ ಸೈಕಲ್ಲಿಗೂ ಒಂದು ಹಾಕ್ರಿ" ಎಂದು ಚಹಾದಂಗಡಿಯಲ್ಲಿ ಅಂದದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಕೈಯ ಮೂಳೆ ಕೂಡಿತು. ಕಟ್ಟು ಬಿಚ್ಚಿದ ವಾರದಲ್ಲೇ ಅವನು ಕಂಟ್ರೋಲರ್ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಹೊಲ ಬಿಟ್ಟು ರಸ್ತೆಗೆ ಗಾಡಿ ತೆಗೆಯಲಿಲ್ಲ. ಬಾಡಿಗೆ ಬಂದರೆ ಕಾಕನ ಕಡೆ ಕಳಿಸುತ್ತಿದ್ದ. ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಒಲೆ ಮುಂದಿನಿಂದ ಎದ್ದು ದನದ ಹತ್ತಿರ, ಅಲ್ಲಿಂದ ಹೊಲಕ್ಕೆ, ಹೊಲದಿಂದ ಸುಮ್ಮನೆ ವಾಪಸ್ಸು. ಹೇಳಬೇಕೆಂದು ಬಾಯಿ ತೆರೆದರೆ ಉಪ್ಪು ಸಾಕಾ ಎಂದು ಕೇಳುತ್ತಿದ್ದೆ. ಹೇಳದೆ ಇರಲು ದಿನಕ್ಕೊಂದು ಕಾರಣ ಸಿಗುತ್ತಿತ್ತು. ಕೈ ವಾಸಿಯಾಗಲಿ. ಬಿತ್ತನೆ ಮುಗಿಯಲಿ. ಜನ ಮರೆಯಲಿ. ಜನ ಮರೆಯುತ್ತ ಬಂದರು. ಮರೆಯದೇ ಇದ್ದವನು ಅವನು.

ಆಗ ಜಡೆಯ ಯಜಮಾನರು ಮತ್ತೆ ಬಂದರು. ಅವರು ಮಾತು ಬಿಡುವ ಪೈಕಿಯಲ್ಲ.

"ಏನು ಮಾರಾಯ್ರೆ, ನಮ್ಮ ಟ್ರೇಲರು ನಿಮ್ಮ ದಾರಿ ಕಾಯ್ತಾ ನಿಂತದೆ."

"ಬೇರೆಯೋರ ಹತ್ರ ಹಾಕಿಸ್ಕಳ್ರಿ" ಅಂದ ತಮ್ಮ. "ನನ್ನ ಕೈಯಾಗೆ ಹಾಕಿಸ್ಕೊಂಡ್ರೆ ನಿಮ್ಮ ಆಳು ಗದ್ದೆಗೆ ಬೀಳ್ತಾನೆ."

"ಒಂದು ಸಲ ಆಗಿದ್ದಕ್ಕೆ ಹಿಂಗೆ ಅಂದ್ರೆ?"

"ಯಾಕಾತು ಅಂತ ಗೊತ್ತಿದ್ರೆ ಸರಿ ಮಾಡ್ತಿದ್ದೆ. ಗೊತ್ತೇ ಇಲ್ಲಲ್ರಿ."

ನಾನು ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಹೋದ ಮೇಲೆ, ಲೋಟ ತೊಳೆಯುವ ನೆಪ ಸಹ ಹುಡುಕದೆ, ಅವನ ಎದುರಿಗೆ ಕೂತು ಹೇಳಿದೆ. ಮುಯ್ಯಿಗೆ ಕೊಟ್ಟದ್ದು, ವಾಲ್ ಮುಚ್ಚಿದ್ದು, ಮರೆತದ್ದು, ನೋಡೀನಿ ಅಂದದ್ದು, ಆಮೇಲೆ ತಿರುಗಿಸಿದ್ದು.

ಅವನು ವಾಸಿಯಾದ ಎಡಗೈಯನ್ನು ಬಲಗೈಯಿಂದ ಒಮ್ಮೆ ಸವರಿಕೊಂಡ. ಬೈದರೆ ಸಾಕಿತ್ತು. ಆಮೇಲೆ ಕೇಳಿದ: "ನಾನು ಬಿದ್ದಾಗ ಮೊದ್ಲು ನನ್ನ ಹತ್ರ ಬಂದ್ಯಾ, ಅದರ ಹತ್ರ ಹೋದ್ಯಾ?"

"ಅದರ ಹತ್ರ."

ಅವನು ತಲೆಯಾಡಿಸಿದ, ಲೆಕ್ಕ ಸರಿಹೋಯಿತು ಅನ್ನುವ ಹಾಗೆ. "ಹಂಗಾದ್ರೆ ಸೆಟ್ಟಿಂಗ್ ಸರಿ ಇತ್ತು" ಅಂದ.

"ಸರಿ ಇತ್ತು ಕಣೋ."

"ಇದನ್ನ ನೀನೇ ಹೇಳ್ಬೇಕು. ಎಲ್ಲರಿಗೂ. ನಾನು ಹೇಳಿದ್ರೆ ತನ್ನ ತಪ್ಪು ಅಕ್ಕನ ಮೇಲೆ ಹಾಕ್ತಾನೆ ಅಂತಾರೆ."

ಮೊದಲು ಕಾಕನನ್ನು ಮನೆಗೆ ಕರೆದು ಹೇಳಿದೆ. ಟ್ರೇಲರ್ ಕೇಳಲು ಬಂದದ್ದು ತಾವೇ ಎಂದು ಅವರಿಗೆ ಕಸಿವಿಸಿಯಾಯಿತು, ನೀರು ಕುಡಿಯದೆ ಎದ್ದು ಹೋದರು. ಶಿಕಾರಿಪುರಕ್ಕೆ ಹೋಗಿ ಗ್ಯಾರೇಜಿನವರಿಗೆ ಹೇಳಿದೆ. ಚಹಾದಂಗಡಿಯ ಮುಂದೆ ನಿಂತು, ಹೆಂಗಸರು ಅಲ್ಲಿ ನಿಲ್ಲುವುದಿಲ್ಲ, ಆದರೂ ನಿಂತು ಹೇಳಿದೆ. "ಈಗ ಯಾಕೆ ಹೇಳ್ತೀಯವ್ವಾ, ಎಲ್ಲಾ ಮುಗಿದೋತಲ್ಲ" ಅಂದರು ಒಬ್ಬರು. ಅವರಿಗೆ ಮುಗಿದಿತ್ತು.

ಜಡೆಗೆ ಬಸ್ಸಿನಲ್ಲಿ ಹೋದೆ. ಕೂರಲು ಸೀಟು ಇದ್ದರೂ ನಿಂತೇ ಹೋದೆ. ಯಜಮಾನರು ಪೂರ್ತಿ ಕೇಳಿಸಿಕೊಂಡರು.

"ವಾಲ್ ಮುಚ್ಚಿತ್ತು. ಅಷ್ಟೇ ಹೌದಾ?"

"ಅಷ್ಟೇ."

"ಹಾಗಿದ್ರೆ ನಾಳೆ ಕಳಿಸಿ ಅಕ್ಕಾ ಅವರನ್ನ. ನಮ್ಮದಕ್ಕೆ ಆ ವಾಲೇ ಬೇಡ ಅಂತ ಹೇಳ್ತೇನೆ, ಬೇಕಾದ್ರೆ ಎಣ್ಣೆ ಸೋರ್ಲಿ." ಹೇಳಿ ಜೋರಾಗಿ ನಕ್ಕರು. ನನಗೆ ನಗಲಾಗಲಿಲ್ಲ.

ತಮ್ಮ ಮರುದಿನ ಹೋದ. ಈಗ ವಾರದಲ್ಲಿ ಎಷ್ಟೋ ದಿನ ಜಡೆ, ಸೊರಬ ಎಂದು ಬೇರೆಯವರ ಟ್ರೇಲರಿನ ಕೆಳಗೇ ಮಲಗಿರುತ್ತಾನೆ. ನಮ್ಮ ಟ್ರ್ಯಾಕ್ಟರಿಗೂ ಕಂಟ್ರೋಲರ್ ಮತ್ತೆ ಬಂದಿದೆ. ನನ್ನ ಜೊತೆ ಮಾತು ಬಿಟ್ಟಿಲ್ಲ. ದನದ ವಿಷಯ, ಸಾರಿನ ವಿಷಯ ಎಲ್ಲ ಮಾತಾಡುತ್ತಾನೆ. ಆದರೆ ಬೆಳಿಗ್ಗೆ ಅವನು ಕೊಂಡಿ ಹಾಕುವಾಗ ನಾನು ಹತ್ತಿರ ಹೋದರೆ ಕೈ ನಿಲ್ಲಿಸಿ ಸುಮ್ಮನೆ ನಿಂತುಕೊಳ್ಳುತ್ತಾನೆ. ನಾನು ಒಳಗೆ ಹೋಗುವವರೆಗೂ ಹಾಗೇ ನಿಂತಿರುತ್ತಾನೆ. ನಾನು ಒಳಗೆ ಬರುತ್ತೇನೆ.