ದೋನ್ಯಾ ನೆರೇಯ್ದಾಳ ಗುಂಯ್‌ಗುಟ್ಟುವ ಪರದೆ

ಪ್ವೆರ್ತೊ ಪ್ಲಾತಾ ಪಟ್ಟಣದ ಬಂದರು ಓಣಿಯಲ್ಲಿ ಏನೇ ಕೆಟ್ಟರೂ ಜನ ಮೊದಲು ಕರೆಯುತ್ತಿದ್ದದ್ದು ರದಾಮೆಸ್‌ನನ್ನು. ನಿವೃತ್ತ ಬಸ್ ಚಾಲಕ, ಒಂಟಿ ಜೀವ. ಮಿಕ್ಸಿಯಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಅವನು ಬಿಚ್ಚದ ವಸ್ತುವಿಲ್ಲ. ಬಿಚ್ಚಿದ್ದೆಲ್ಲ ಮತ್ತೆ ಕೂಡುತ್ತಿತ್ತೇ ಎಂದು ಕೇಳುವಷ್ಟು ಕಟುಕರು ಆ ಓಣಿಯಲ್ಲಿರಲಿಲ್ಲ.

ಈಗ ಅವನ ಕೈಗೆ ಸಿಕ್ಕಿದ್ದು ಪಕ್ಕದ ಮನೆಯ ವಿಧವೆ, ಓಣಿಯವರೆಲ್ಲ ಗೌರವದಿಂದ ದೋನ್ಯಾ ಎನ್ನುತ್ತಿದ್ದ ನೆರೇಯ್ದಾ, ಇತ್ತೀಚೆಗೆ ಕೊಂಡ ಹಳೆಯ ಕಂಪ್ಯೂಟರ್. ಗಂಡಸರು ಡಾಮಿನೊ ಆಟದ ಮೇಜಿಗೆ ಹೆಂಗಸರನ್ನು ಸೇರಿಸುವುದಿಲ್ಲವೆಂದು ಆಕೆ ಕಂಪ್ಯೂಟರಿನೊಂದಿಗೇ ಆಡಿ ಅದನ್ನು ಸೋಲಿಸುತ್ತಿದ್ದಳು. ಸಂಜೆ ಕರೆಂಟು ಹೋಗಿ ಇನ್ವರ್ಟರ್ ಶುರುವಾಯಿತೋ, ಪರದೆ ಆಗಾಗ ಮಂಕಾಗಿ ಗುಂಯ್ ಎನ್ನುತ್ತಿತ್ತು. ಡಾಮಿನೊ ಬಿಲ್ಲೆಯ ಚುಕ್ಕಿಗಳೇ ಕಾಣುತ್ತಿರಲಿಲ್ಲ.

ರದಾಮೆಸ್ ದಿನಾ ಸಂಜೆ ಹಾಜರು. ತಂತಿ ಬಿಗಿ ಮಾಡಿದ, ಬೇರೆ ತಂತಿ ಹಾಕಿದ, ಪಕ್ಕದಲ್ಲಿದ್ದ ರೇಡಿಯೊ ಮೇಲೆ ತಪ್ಪು ಹೊರಿಸಿ ಅದನ್ನು ಅಡುಗೆಮನೆಗೆ ಗಡೀಪಾರು ಮಾಡಿದ.

"ಏನಂತೆ ಕಾಯಿಲೆ?" ಎಂದು ನೆರೇಯ್ದಾ ಕೇಳಿದಳು.

"ಒಳಗಿನ ದೀಪದ್ದೇ ತೊಂದ್ರೆ ಇರ್ಬೇಕು. ನಾಳೆ ನೋಡ್ತೀನಿ."

"ನಿಮ್ಮ ನಾಳೆಗೆ ಕೊನೇನೇ ಇಲ್ಲ ಮಹಾರಾಯ್ರೇ. ತಗೊಳ್ಳಿ, ಕಾಫಿ ಕುಡೀರಿ."

ಆಕೆಯೆಂದರೆ ಅವನಿಗೆ ಪ್ರಾಣ. ಹೇಳಲು ಮಾತ್ರ ಬಾಯಿಲ್ಲ. ರಿಪೇರಿ ಮುಗಿದರೆ ಆ ಮನೆಯ ಹೊಸ್ತಿಲು ದಾಟಲು ಬೇರೆ ನೆಪವೂ ಇರಲಿಲ್ಲ.

ಒಂದು ಸಂಜೆ ಕರೆಂಟು ಹೋದಾಗ ಅವನಿನ್ನೂ ತನ್ನ ಮನೆಯಲ್ಲೇ ಇದ್ದ. ಅವನ ಹಳೇ ಫ್ರಿಜ್ಜು ಗುರ್ ಎಂದಿತು. ಕಿಟಕಿಯಾಚೆಯಿಂದ ನೆರೇಯ್ದಾ ಕೂಗಿದಳು: "ಮತ್ತೆ ಮಂಕಾಯ್ತು!" ಫ್ರಿಜ್ಜು ಸುಮ್ಮನಾಯಿತು. "ಸರಿಹೋಯ್ತು!"

ರದಾಮೆಸ್ ಫ್ರಿಜ್ಜಿನ ಹಿಂದಿನ ತಂತಿಯನ್ನೇ ನೋಡಿದ. ಅದು ಗೋಡೆ ಹಾರಿ ನೇರ ನೆರೇಯ್ದಾಳ ಇನ್ವರ್ಟರಿಗೆ ಹೋಗಿತ್ತು. ಫ್ರಿಜ್ಜು ಗುರ್ ಎಂದಾಗಲೆಲ್ಲ ಆಕೆಯ ಪರದೆಯ ಕರೆಂಟನ್ನೇ ಎಳೆದುಕೊಳ್ಳುತ್ತಿತ್ತು. ಇನ್ವರ್ಟರ್ ಇದ್ದವರು ಇಲ್ಲದ ನೆರೆಮನೆಗೆ ಒಂದು ತಂತಿ ಕೊಡುವುದು ಆ ಓಣಿಯ ವಾಡಿಕೆ. ಆಕೆಯ ಗಂಡ ಬದುಕಿದ್ದಾಗ ಎಳೆದುಕೊಟ್ಟಿದ್ದ ತಂತಿಯನ್ನು ಇವನು ಮರೆತೇಬಿಟ್ಟಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಕಾಫಿಯ ಆಸೆಗೆ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಆಕೆಯ ಆಟ ಕೆಡಿಸುತ್ತಿದ್ದವನು ತಾನೇ ಎಂದು ತಿಳಿದ ಮೇಲೆ ಮನಸ್ಸು ಒಪ್ಪಲಿಲ್ಲ. ತಂತಿ ಕಿತ್ತ. ಫ್ರಿಜ್ಜಿನಲ್ಲಿದ್ದ ಮೀನು ಕೆಟ್ಟುಹೋಯಿತು, ಪಕ್ಕದ ಮನೆಯಿಂದ ಯಾರೂ ಕರೆಯಲಿಲ್ಲ. ತಾನೇ ಮಾಡಿಕೊಂಡ ಕಾಫಿಯನ್ನು ಅರ್ಧಕ್ಕೇ ಚೆಲ್ಲಿದ. ಅವನಿಗೆ ಅಳುವೇ ಬಂದಂತಾಯಿತು.

ಮರುದಿನ ಸಂಜೆ ಬಾಗಿಲು ದಬದಬ ಬಡಿದ ಸದ್ದಾಯಿತು. ನೆರೇಯ್ದಾ ಏದುಸಿರು ಬಿಡುತ್ತ ನಿಂತಿದ್ದಳು.

"ಬದುಕಿದ್ದೀರಾ? ನಿನ್ನೆಯಿಂದ ಪರದೆ ಒಂದ್ಸಲಾನೂ ಮಂಕಾಗಿಲ್ಲ. ನಿಮಗೇನಾಯ್ತೋ ಅಂತ ನನ್ನ ಜೀವಾನೇ ಹೋದಂಗಾಯ್ತು!"

"ಅಂದ್ರೆ... ಇದು ನನ್ನ ಫ್ರಿಜ್ಜಿನ ಕೆಲ್ಸ ಅಂತ ನಿಮಗೆ ಗೊತ್ತಿತ್ತಾ?"

"ಅದು ಗುರ್ ಅನ್ನೋದು ಇಡೀ ಓಣಿಗೇ ಕೇಳ್ಸುತ್ತೆ. ನನಗೆ ಕೇಳ್ಸಲ್ವಾ?"

"ಮತ್ತೆ ಹೇಳ್ಬಾರ್ದಿತ್ತಾ? ಇಷ್ಟು ದಿನ ಆ ಡಬ್ಬಾ ಜೊತೆ ಗುದ್ದಾಡಿದ್ನಲ್ಲ!"

"ಹೇಳಿದ್ದಿದ್ರೆ ನೀವು ಬರೋದು ನಿಲ್ಲಿಸ್ತಿದ್ರಿ," ಎಂದು ನೆರೇಯ್ದಾ ಬೇರೆ ಕಡೆ ನೋಡಿದಳು.