ಖಾಲಾ ಅವರ ಬಲಗೈ

ಚನ್ನಗಿರಿಯ ನಮ್ಮ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದವರನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಹೆಂಗಸು. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಸಿಮೆಂಟ್ ಪಟ್ಟಿ ತೆಗೆದ ಮೇಲೂ ಕತ್ತರಿ ಹಿಡಿಯುವಷ್ಟು ಬಲ ಬರಲಿಲ್ಲ. ಡಾಕ್ಟರು ವ್ಯಾಯಾಮ ಹೇಳಿದರು.

ಅಂದಿನಿಂದ ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು ಒದ್ದೆ ಟವೆಲ್ ಹಿಂಡುತ್ತಿದ್ದರು, ನೀರು ತುಂಬಿದ ಬಾಟಲಿ ಎತ್ತಿ ಇಳಿಸುತ್ತಿದ್ದರು. ಯಾರು ಮಾತಾಡಿಸಿದರೂ "ಇವತ್ತು ಒಂದು ಸಲ ಜಾಸ್ತಿ ಮಾಡೀನಿ ನೋಡ್ರಿ" ಎನ್ನುವರು. ನೋವಾದರೆ ಬಾಟಲಿಗೇ ಬೈಯುವರು.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಬೀದಿ ನಲ್ಲಿ ಬಿಗಿದು ಕೂತಿತ್ತು. ನಾನೂ ಪಕ್ಕದ ಮನೆಯವರೂ ತಿರುಗಿಸಿ ಸೋತಿದ್ದೆವು. ಅಷ್ಟರಲ್ಲಿ ಖಾಲಾ ಮುಖ ಊದಿಸಿಕೊಂಡು ಕೊಡ ಹಿಡಿದು ಬಂದರು.

"ಈ ಕಸರತ್ತು ಸಾಕಾತ್ರೀ. ಎಳ್ಳಷ್ಟೂ ಫರಕ್ ಇಲ್ಲ. ನಾಳೆಯಿಂದ ಬಂದ್! ಹೊಲಿಗೆ ಮಿಷನ್ನೂ ಮಾರಿಬಿಡ್ತೀನಿ," ಎನ್ನುತ್ತ ನನ್ನನ್ನು ಪಕ್ಕಕ್ಕೆ ಸರಿಸಿ ನಲ್ಲಿ ತಿರುಗಿಸಿದರು. ನೀರು ಧೋ ಎಂದು ಸುರಿಯಿತು. ಅವರ ಗೊಣಗಾಟ ಮಾತ್ರ ನಿಲ್ಲಲಿಲ್ಲ.

"ಖಾಲಾ, ಯಾವ ಕೈಯಾಗೆ ತಿರುಗಿಸಿದ್ರಿ?" ಎಂದೆ.

ಅವರು ಬಲಗೈಯನ್ನು ಬೇರೆ ಯಾರದೋ ಎಂಬಂತೆ ಹಿಂದೆ ಮುಂದೆ ಮಾಡಿ ನೋಡಿಕೊಂಡರು. ಕಣ್ಣು ತುಂಬಿ ಬಂತು. ಮರುಕ್ಷಣವೇ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿ, ಮತ್ತೆ ಬಿಟ್ಟು, ಮತ್ತೆ ನಿಲ್ಲಿಸಿದರು.

"ಖಾಲಾ, ನೀರು ಹಿಡಿಯಾಕೆ ಬಿಡ್ರಿ!" ಎಂದು ಸಾಲಿನಲ್ಲಿದ್ದವರು ಕೂಗಿದರು.

"ತಡೀರಿ, ನನಗೇ ನಂಬಾಕೆ ಆಗ್ತಿಲ್ಲ," ಎಂದು ಖಾಲಾ ನಗುತ್ತ ಮತ್ತೆ ನಲ್ಲಿಗೆ ಕೈ ಹಾಕಿದರು.