ಮೂರನೇ ಸಾಲಿನ ವಯೋಲಾ ಮತ್ತು ಪೂವಕ್ಕನ ರಬ್ಬರು

ಪೂವಕ್ಕ ಉಜ್ಜಿದ ಜಾಗದಲ್ಲಿ ಮೊದಲು ಏನಿತ್ತೆಂದು ಬರೆದವನಿಗೂ ಹೇಳಲಾಗದು. ಇದು ನನ್ನ ಮಾತಲ್ಲ, ದೋಹಾದ ಅಲ್ ಮನ್ಸೂರಾ ಬಡಾವಣೆಯ ಹೋಟೆಲಿನಲ್ಲಿ ನೀರುದೋಸೆಗೆ ಕಾಯುತ್ತಾ ಅವರೇ ಹೇಳಿದ್ದು.

"ಪೆನ್ಸಿಲಿನದ್ದು ಬಿಡಿ ಮಾರಾಯ್ರೆ, ಹಣೆಬರಹ ಇದ್ದರೂ ತನ್ನಿ. ಉಜ್ಜಿ ಕೊಡ್ತೇನೆ."

ದೋಹಾದ ಸಿಂಫನಿ ಆರ್ಕೆಸ್ಟ್ರಾದ ಚರಿತ್ರೆ ಬರೆಯುವವರು ಪೂವಕ್ಕನ ಹೆಸರು ಬರೆಯುವುದಿಲ್ಲ. ಹತ್ತಾರು ದೇಶಗಳ ನೂರು ಮಂದಿ ಮೊದಲ ಸಲ ಒಟ್ಟಿಗೆ ಕೂತಾಗ, ಎಲ್ಲರೂ ಒಂದೇ ಸ್ವರಕ್ಕೆ ತಂತಿ ಬಿಗಿಯುವಷ್ಟರಲ್ಲಿ ಒಂದು ಚಳಿಗಾಲ ಕಳೆಯಿತು, ಹೊರಗೆ ಆರು ಗಗನಚುಂಬಿ ಕಟ್ಟಡಗಳು ಎದ್ದವು. ಆಮೇಲೆ ಅದೇ ಮಂದಿ ಯುರೋಪಿನ ಹಳೆಯ ಸಿಂಫನಿಗಳನ್ನೂ ಅರಬ್ಬರ ಹೊಸ ಕೃತಿಗಳನ್ನೂ ನುಡಿಸಿ ಪರದೇಶದಲ್ಲೂ ಭೇಷ್ ಎನಿಸಿಕೊಂಡರು. ಅಷ್ಟು ಚರಿತ್ರೆ ಸಾಕು.

ಅವರು ನುಡಿಸುವ ಸ್ವರಪುಸ್ತಕಗಳಲ್ಲಿ ಎಷ್ಟೋ ಜರ್ಮನಿಯಿಂದ ಬಾಡಿಗೆಗೆ ಬರುತ್ತವೆ. ನುಡಿಸುವವರು ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಇಲ್ಲಿ ಕಮಾನು ಮೇಲಕ್ಕೆ, ಇಲ್ಲಿ ಮೆಲ್ಲಗೆ, ಇಲ್ಲಿ ಎದುರು ನಿಂತು ಕೋಲಾಡಿಸುವ ಕಂಡಕ್ಟರನ ಮುಖ ನೋಡು ಎನ್ನಲಿಕ್ಕೆ ಒಂದು ಕನ್ನಡಕದ ಚಿತ್ರ. ಕಾರ್ಯಕ್ರಮ ಮುಗಿದ ಮೇಲೆ ಅಷ್ಟನ್ನೂ ಅಳಿಸಿ ವಾಪಸು ಕಳಿಸಬೇಕು. ಅಳಿಸುವವರು ಆರ್ಕೆಸ್ಟ್ರಾದ ಲೈಬ್ರರಿಯಲ್ಲಿರುವ ಪೂವಕ್ಕ. ಬಂಟ್ವಾಳದಲ್ಲಿ ದಿನಕ್ಕೆ ಸಾವಿರ ಬೀಡಿ ಕಟ್ಟಿದ ಬೆರಳುಗಳು. ಸ್ವರ ಓದಲು ಬಾರದು. ಹದಿನಾರು ವರ್ಷಗಳಲ್ಲಿ ಅವರು ಉದುರಿಸಿದ ರಬ್ಬರಿನ ಪುಡಿಯನ್ನು ಗುಡ್ಡೆ ಹಾಕಿದ್ದರೆ ಈ ಚಪ್ಪಟೆ ದೇಶಕ್ಕೊಂದು ಬೆಟ್ಟ ಸಿಕ್ಕಿ, ಅದರ ತುದಿಯಲ್ಲಿ ಹಿಮ ಬೀಳುತ್ತಿತ್ತು.

ಮೂರನೇ ಸಾಲಿನಲ್ಲಿ ವಯೋಲಾ ನುಡಿಸುತ್ತಿದ್ದವರು ಹೆನ್ರಿ. ವಯೋಲಾ ಎಂದರೆ ಪಿಟೀಲಿನ ದಪ್ಪ ದನಿಯ ಅಣ್ಣ. ಮಂಗಳೂರಿನ ಇಗರ್ಜಿಯಲ್ಲಿ ಕಮಾನು ಹಿಡಿಯಲು ಕಲಿತವರು. ತನ್ನ ಪುಟ ಉಜ್ಜುವವರಿಗೆ ಕನ್ನಡ ಬರುತ್ತದೆಂದು ಗೊತ್ತಾದ ದಿನದಿಂದ ಅಂಚಿನಲ್ಲಿ ಬರೆಯತೊಡಗಿದರು.

"ಪೂವಕ್ಕ, ಚಾ ಆಯಿತಾ?"

"ನಾಲ್ಕನೇ ಸಾಲು ತಪ್ಪಿ ನುಡಿಸಿದೆ, ಯಾರಿಗೂ ಹೇಳಬೇಡಿ."

"ಈ ಪುಟ ಕಲಿಯಲಿಕ್ಕೆ ಜೀವ ಹೋಯಿತು. ಉಜ್ಜುವಾಗ ಸ್ವಲ್ಪ ಅತ್ತುಬಿಡಿ."

ಪೂವಕ್ಕ ಓದುತ್ತಿದ್ದರು, ನಗುತ್ತಿದ್ದರು, ಉಜ್ಜುತ್ತಿದ್ದರು. ಜವಾಬು ಬರೆದದ್ದಿಲ್ಲ. ಉಜ್ಜುವವರು ಬರೆಯಬಾರದು ಎಂಬುದು ಅವರೇ ಮಾಡಿಕೊಂಡ ಕಾನೂನು. ಕಾರಿಡಾರಿನಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸಿ ದಾಟುತ್ತಿದ್ದರು, ಅಷ್ಟೇ.

ಕಳೆದ ಮಾರ್ಚಿನಲ್ಲಿ ಹೆನ್ರಿ ಅಲ್ ಗರಾಫಾದ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅಕ್ಟೋಬರಿನಲ್ಲಿ, ನಾಲ್ಕು ವರ್ಷದ ಹಿಂದೆ ನುಡಿಸಿದ್ದ ಒಂದು ಸಿಂಫನಿಯ ಅದೇ ಪುಸ್ತಕಗಳು ಊರೂರು ಸುತ್ತಿ ಮತ್ತೆ ದೋಹಾಕ್ಕೆ ಬಂದವು. ಹೆನ್ರಿಯ ಕುರ್ಚಿಯಲ್ಲಿ ಈಗ ಜೆಸಿಕಾ. ಮಂಗಳೂರಿನವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಎರಡನೇ ರಿಹರ್ಸಲ್ ಮುಗಿಸಿ ಪುಸ್ತಕ ಹಿಡಿದು ಲೈಬ್ರರಿಗೆ ಬಂದಳು.

"ಆಂಟಿ, ಈ ಬುಕ್ಕಿನಲ್ಲಿ ಯಾರೋ ಇದ್ದಾರೆ."

"ಎಂತ ಇದ್ದಾರೆ? ಖಾಲಿ ಉಂಟಲ್ಲ! ನಾನೇ ಉಜ್ಜಿದ್ದು."

"ಸ್ಟ್ಯಾಂಡಿನ ಲೈಟ್ ಓರೆ ಬಿದ್ರೆ ಕಾಣ್ತದೆ, ನೋಡಿ. ಕನ್ನಡ ಅಲ್ವಾ? ನಂಗೆ ಓದ್ಲಿಕ್ಕೆ ಬರುದಿಲ್ಲ. ಮತ್ತೆ ಈ ಜಾಗದಲ್ಲಿ ನಾನು ಬೇಡ ಅಂದ್ರೂ ಕೈ ನಿಲ್ತದೆ. ಪಕ್ಕದವ್ರು ಹೇಳಿದ್ರು, ಹೆನ್ರಿ ಅಂಕಲ್ ಇಲ್ಲೇ ಒಂದು ಉಸಿರು ನಿಲ್ಲಿಸ್ತಿದ್ರಂತೆ."

ಪೂವಕ್ಕ ಪುಟವನ್ನು ದೀಪಕ್ಕೆ ಓರೆ ಹಿಡಿದರು. ಪೆನ್ಸಿಲಿನ ಕಪ್ಪು ಹೋಗಿತ್ತು. ಒತ್ತಿ ಬರೆದ ಗೀರು ಹೋಗಿರಲಿಲ್ಲ. ಹಣೆಬರಹ ಅಳಿಸಲು ಹೊರಟಿದ್ದ ಬೆರಳು ಆ ಗೀರಿನ ಮೇಲೆ ಅಕ್ಷರ ಅಕ್ಷರವಾಗಿ ಸಾಗಿತು. ಯಾವ ಯಾವ ದೇಶದ ವಯೋಲಾದವರ ಕಣ್ಣೆದುರು ಈ ಮನುಷ್ಯ ನಾಲ್ಕು ವರ್ಷ ಮಾತಾಡುತ್ತಾ ಕೂತಿದ್ದರೋ!

ಕೊನೆಯ ಪುಟದ ಅಡಿಯಲ್ಲಿತ್ತು: "ಇಷ್ಟು ವರ್ಷ ಬರೆದೆ. ಓದುತ್ತೀರೋ, ಸುಮ್ಮನೆ ಉಜ್ಜುತ್ತೀರೋ? ಒಂದು ಮಾತು ಹೇಳಿ."

ಇದನ್ನು ಪೂವಕ್ಕ ನಾಲ್ಕು ವರ್ಷದ ಹಿಂದೆಯೇ ಓದಿದ್ದರು. ನಾಳೆ ಬಾಯಲ್ಲೇ ಹೇಳಿದರಾಯಿತೆಂದು ಉಜ್ಜಿದ್ದರು. ಕಾರಿಡಾರಿನಲ್ಲಿ ಸಾವಿರ ಸಲ ಎದುರಾದರೂ ಆ ನಾಳೆ ಬಂದಿರಲಿಲ್ಲ.

"ಎಂತ ಬರ್ದಿದ್ದಾರೆ ಆಂಟಿ?"

"ಕಮಾನಿನ ವಿಷಯ. ನೀನು ಅಲ್ಲಿ ನಿಲ್ಲಿಸು ಮಗಾ, ಅವರ ಲೆಕ್ಕ ತಪ್ಪುದಿಲ್ಲ."

ಕಾರ್ಯಕ್ರಮದ ದಿನ ಪೂವಕ್ಕ ಲೈಬ್ರರಿಯ ಸ್ಪೀಕರಿಗೆ ಕಿವಿ ಕೊಟ್ಟು ಕೂತಿದ್ದರು. ಆ ಜಾಗ ಬಂತು. ಜೆಸಿಕಾಳ ಜೊತೆ ವಯೋಲಾಗಳೆಲ್ಲ ಒಂದು ಉಸಿರು ನಿಂತವು, ಮತ್ತೆ ಹಿಡಿದವು. ವೇದಿಕೆಯ ಮೇಲೆ ಇದ್ದದ್ದು ಹತ್ತು ವಯೋಲಾ. ಪೂವಕ್ಕನಿಗೆ ಹನ್ನೊಂದು ಕೇಳಿಸಿದವು. ಇಲ್ಲಿ ನಾನು ಒಂದನ್ನೂ ಸೇರಿಸಿಲ್ಲ.

ಭಾನುವಾರ ಬೆಳಿಗ್ಗೆ ಲೈಬ್ರರಿಯ ಮುಖ್ಯಸ್ಥ ರೋಶನ್ ಪೆಟ್ಟಿಗೆ ತೆರೆದಿಟ್ಟು ಅವಸರ ಮಾಡಿದ. "ಪೂವಕ್ಕ, ಹನ್ನೊಂದಕ್ಕೆ ಕೊರಿಯರ್. ಯಲ್ಲಾ, ಖಲಾಸ್ ಮಾಡಿ."

ಪೂವಕ್ಕ ಜೆಸಿಕಾಳ ಗುರುತುಗಳನ್ನು ಉಜ್ಜಿದರು. ಹೆನ್ರಿಯ ಗೀರುಗಳ ಮೇಲೂ ಒಮ್ಮೆ ರಬ್ಬರು ಆಡಿಸಿದರು. ಅವು ಇನ್ನೂ ಸ್ಪಷ್ಟವಾಗಿ ಎದ್ದವು. ಈ ಪೆಟ್ಟಿಗೆ ಇನ್ನು ದೋಹಾಕ್ಕೆ ಬರುತ್ತದೋ ಇಲ್ಲವೋ. ಬಂದರೂ ಆಗ ತಾನಿರಬೇಕಲ್ಲ. ರೋಶನನ ಮೇಜಿನಿಂದ ಪೆನ್ಸಿಲ್ ಎತ್ತಿಕೊಂಡು ಕೊನೆಯ ಪುಟ ತೆರೆದರು.

"ಏ ಪೂವಕ್ಕ, ಎಂತ ಮಾಡ್ತಿದ್ದೀರಿ! ಜರ್ಮನಿಯವ್ರು ಕಂಪ್ಲೇಂಟ್ ಕೊಡ್ತಾರೆ!"

"ಕೊಡ್ಲಿ. ಅದಕ್ಕಿಂತ ಹಳೇ ಕಂಪ್ಲೇಂಟ್ ಒಂದು ಬಾಕಿ ಉಂಟು."

ಮೊನೆ ಮುರಿಯುವಷ್ಟು ಒತ್ತಿ ಬರೆದರು. ಊರಿನಲ್ಲಿ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಹಾಗೆಯೇ ಶುರು ಮಾಡಿದ್ದರು:

"ಪೊರ್ಬುಗಳೇ, ಎಲ್ಲ ಓದಿದ್ದೇನೆ, ಒಂದೂ ಬಿಟ್ಟಿಲ್ಲ. ಇದನ್ನು ಉಜ್ಜಬೇಕಿದ್ದರೆ ಈ ಸಲ ನೀವೇ ಬನ್ನಿ."